ಅಡುಗೆಮನೆಯ ಬಾಗಿಲು ತೆರೆದಿಟ್ಟ ಯಜ್ಞನಾರಾಯಣ ಮಯ್ಯರು

ಹೋಟೆಲು ಎಂಬ ಶಬ್ದಕ್ಕೆ ನಮ್ಮ ಕಾಸರಗೋಡು ಸೀಮೆಯ ಕನ್ನಡ ಮನೆಗಳಲ್ಲಿ ಎರಡು ಅರ್ಥಗಳಿವೆ. ಪೇಟೆಗೆ ಹೋದಾಗ ಕಾಫಿ ತಿಂಡಿಗೆ ಹೊಗುವ ಜಾಗ ಎಂಬುದು ಒಂದು. ಪರೀಕ್ಷೆಯಲ್ಲಿ ನಪಾಸಾದ ಹುಡುಗ ಮನೆಯವರಿಗೆ ಹೇಳದೆ ರೈಲು ಹತ್ತಿ ಹೋಗಿ ಸೇರಿಕೊಳ್ಳುವ ಜಾಗ ಎಂಬುದು ಇನ್ನೊಂದು. ಮೊದಲನೆಯ ಅರ್ಥದಲ್ಲಿ ಹೋಟೆಲು ನಮಗೆ ಪ್ರಿಯ, ಎರಡನೆಯದರಲ್ಲಿ ಅದು ನಾಚಿಕೆಯ ಸಂಗತಿ. ಮಗ ಬೊಂಬಾಯಿಯಲ್ಲಿದ್ದಾನೆ ಎಂದು ಹೇಳುವ ತಂದೆ ಅಲ್ಲಿ ಏನು ಮಾಡುತ್ತಾನೆ ಎಂದು ಕೇಳಿದರೆ ಮಾತು ತೇಲಿಸಿಬಿಡುತ್ತಿದ್ದ ಕಾಲವೊಂದಿತ್ತು. ಶಾಲೆಗಳಲ್ಲಿ ಓದದ ಹುಡುಗನಿಗೆ ಹಾಕುತ್ತಿದ್ದ ಶಾಪವೂ ಅದೇ: ನೀನು ಹೋಟೆಲಿನಲ್ಲಿ ಲೋಟ ತೊಳೆಯಲಿಕ್ಕೇ ಸೈ.

ಲೋಟ ತೊಳೆಯುವುದು ಹೇಗೆ ಎಂಬುದನ್ನು ನೋಡಿ ಬರಲೆಂದು ಕಡಲಾಚೆಗೆ ಹೋದ ಒಬ್ಬ ಕರಾವಳಿಯ ಹೋಟೆಲಿಗರ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಅವರು ಪಾರಂಪಳ್ಳಿ ಯಜ್ಞನಾರಾಯಣ ಮಯ್ಯರು. ಎಂ.ಟಿ.ಆರ್. ಎಂಬ ಮೂರಕ್ಷರವನ್ನು ಕೇಳದ ಕನ್ನಡಿಗರಿಲ್ಲ. ಆದರೆ ಆ ಮೂರಕ್ಷರದ ಹಿಂದಿನ ವ್ಯಕ್ತಿಯ ಹೆಸರನ್ನು ನಮ್ಮ ಮಕ್ಕಳಲ್ಲಿ ಕೇಳಿ ನೋಡಿ, ಹೇಳುವವರು ಸಿಗುವುದು ಕಡಿಮೆ. ಜನ ಅವರನ್ನು ಯಜ್ಞಪ್ಪ ಎಂದೇ ಕರೆಯುತ್ತಿದ್ದರು.

ಪಾರಂಪಳ್ಳಿ ಎಂಬುದು ಕೋಟ, ಸಾಲಿಗ್ರಾಮಗಳ ಬಳಿಯ ಕಡಲಬದಿಯ ಹಳ್ಳಿ. ಇಂದಿನ ಉಡುಪಿ ಜಿಲ್ಲೆಗೆ ಸೇರಿದ್ದು. ಆ ಕಾಲದಲ್ಲಿ ಅದೂ ನಮ್ಮ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯ ಎರಡು ತುದಿಗಳು, ಎರಡೂ ಮದ್ರಾಸ್ ಪ್ರಾಂತ್ಯದ ಆಡಳಿತದಲ್ಲಿದ್ದುವು. ಶಿವರಾಮ ಕಾರಂತರ ಹುಟ್ಟೂರು ಕೋಟ. ಅದರ ಮಗ್ಗುಲಿನ ಊರೆಂದರೆ ವಾಚಕರಿಗೆ ಜಾಗದ ಗುರುತು ಸಿಕ್ಕೀತು. ಕೋಟದ ಬ್ರಾಹ್ಮಣರಿಗೆ ಮಠದ ಗುರುಗಳಿಲ್ಲ, ಸಾಲಿಗ್ರಾಮದ ನರಸಿಂಹ ದೇವರೇ ಗುರು. ಮಯ್ಯ, ಹೊಳ್ಳ, ಐತಾಳ, ಕಾರಂತ ಮೊದಲಾದ ಉಪನಾಮಗಳ ಈ ಜನ ಬೆಂಗಳೂರು, ಮೈಸೂರು, ಮದರಾಸುಗಳಲ್ಲಿ ಇಟ್ಟ ಹೋಟೆಲುಗಳನ್ನು ಲೆಕ್ಕ ಹಾಕಲು ಹೊರಟರೆ ಈ ಪತ್ರಿಕೆಯ ಪುಟ ಸಾಲದು.

ಯಾಕೆ ಹೋದರು ಎಂಬುದನ್ನು ವಿವರಿಸಬೇಕಾದ ಅಗತ್ಯ ನಮ್ಮ ಕಡೆಯವರಿಗೆ ಇರಲಾರದು. ಮನೆ ತುಂಬ ಮಕ್ಕಳು, ಗದ್ದೆ ಅಂಗೈ ಅಗಲ, ಅದರಲ್ಲಿ ಗೇಣಿ ಕಳೆದು ಉಳಿದ ಅಕ್ಕಿ ಆಟಿ ತಿಂಗಳಿಗೆ ಮುಟ್ಟದು. ಕೈಯಲ್ಲಿದ್ದ ವಿದ್ಯೆ ಒಂದೇ, ಅಡುಗೆ. ದೇವಸ್ಥಾನದ ಸಮಾರಾಧನೆಗೆ, ಮದುವೆ ಮುಂಜಿಗೆ ನೂರಾರು ಜನಕ್ಕೆ ಬೇಯಿಸಿ ಬಡಿಸಿ ಅಭ್ಯಾಸವಾದ ಕೈಗಳು. ಘಟ್ಟದ ಮೇಲೆ ಸರಕಾರಿ ನೌಕರರೂ ವಕೀಲರೂ ಹೆಚ್ಚುತ್ತಿದ್ದ ಕಾಲ. ಅವರ ಮನೆಗಳಿಗೆ ಅಡುಗೆಯವರು ಬೇಕಿತ್ತು. ಮಯ್ಯ ಸೋದರರು 1920ರ ಸುಮಾರಿಗೆ ಹೀಗೆಯೇ ಬೆಂಗಳೂರು ಸೇರಿ ದೊಡ್ಡವರ ಮನೆಗಳಲ್ಲಿ ಅಡುಗೆಗೆ ನಿಂತರು. ಪರಮೇಶ್ವರ ಮಯ್ಯರು, ಗಣಪ್ಪಯ್ಯ ಮಯ್ಯರು, ಯಜ್ಞನಾರಾಯಣ ಮಯ್ಯರು ಎಂದು ಮೂವರ ಹೆಸರು ಎಂ.ಟಿ.ಆರ್. ಚರಿತ್ರೆಯಲ್ಲಿ ಬರುತ್ತದೆ. 1924ರಲ್ಲಿ ಪರಮೇಶ್ವರ ಮಯ್ಯರು ಲಾಲ್‌ಬಾಗ್ ಕೋಟೆ ರಸ್ತೆಯಲ್ಲಿ ಒಂದು ಸಣ್ಣ ಕಾಫಿ ಅಂಗಡಿ ಇಟ್ಟರು. ಕಾಫಿ, ಇಡ್ಲಿ, ಹೀಗೆ ನಾಲ್ಕಾರು ಬಗೆಯ ತಿಂಡಿಗಳು, ಅಷ್ಟೆ. ಪರಮೇಶ್ವರ ಮಯ್ಯರು ಹೆಚ್ಚು ಕಾಲ ಬದುಕಲಿಲ್ಲ. ಹೊಣೆ ತಮ್ಮಂದಿರ ಮೇಲೆ ಬಿತ್ತು. ಕ್ರಮೇಣ ಯಜ್ಞಪ್ಪನವರೇ ಅದರ ಜೀವಾಳವಾದರು.

ಆ ಅಂಗಡಿಯ ಹೆಸರು ಬ್ರಾಹ್ಮಣ ಕಾಫಿ ಕ್ಲಬ್ ಎಂದಿತ್ತು.

ಈ ಹೆಸರನ್ನು ಇವತ್ತು ಓದುವಾಗ ಸ್ವಲ್ಪ ಮುಜುಗರವಾಗುತ್ತದೆ, ಆಗಲೂ ಬೇಕು. ಆದರೆ ಮುಚ್ಚಿಡುವುದು ಸರಿಯಲ್ಲ. ಆ ದಿನಗಳಲ್ಲಿ ಮನೆಯ ಹೊರಗೆ ಉಣ್ಣುವುದೇ ಆಚಾರವಂತರಿಗೆ ದೊಡ್ಡ ಪ್ರಶ್ನೆಯಾಗಿತ್ತು. ಬೇಯಿಸಿದವನು ಯಾರು, ಮುಟ್ಟಿದವನು ಯಾರು ಎಂಬ ಶಂಕೆ. ಬೋರ್ಡಿನ ಮೇಲಿನ ಆ ಶಬ್ದ ಒಳಗೆ ಬರುವವನಿಗೆ ಧೈರ್ಯ ಹೇಳುತ್ತಿತ್ತು. ಅದೇ ಶಬ್ದ ಇನ್ನೆಷ್ಟೋ ಜನರಿಗೆ ಹೊರಗೇ ನಿಲ್ಲು ಎಂದೂ ಹೇಳುತ್ತಿತ್ತು. ಇದು ಬೆಂಗಳೂರೊಂದರ ಕಥೆಯಲ್ಲ. ನಮ್ಮ ಕಡೆಯ ಪೇಟೆಗಳ ಹೋಟೆಲುಗಳಲ್ಲೂ ಕೆಲವರಿಗೆ ಒಳಗೆ ಬೆಂಚು, ಕೆಲವರಿಗೆ ಹೊರಗೆ ಜಗಲಿ, ಇನ್ನು ಕೆಲವರಿಗೆ ಗೆರಟೆಯೋ ಬೇರೆ ಲೋಟವೋ ಎಂಬ ವ್ಯವಸ್ಥೆಯನ್ನು ಕಂಡವರು ನಮ್ಮ ಹಿರಿಯರಲ್ಲಿದ್ದಾರೆ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ಹದಿನೈದನೆಯ ವಿಧಿಯಲ್ಲಿ ಅಂಗಡಿ, ಬಾವಿ, ಕೆರೆಗಳ ಜೊತೆಗೆ ಹೋಟೆಲುಗಳ ಹೆಸರನ್ನೂ ಎತ್ತಿ ಬರೆಯಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. 1955ರಲ್ಲಿ ಅಸ್ಪೃಶ್ಯತೆಯ ಆಚರಣೆ ಶಿಕ್ಷಾರ್ಹವೆಂಬ ಕಾಯಿದೆಯೂ ಬಂತು.

ಇದರ ಜೊತೆಗೆ ಮಡಿ ಎಂಬ ನಮ್ಮ ಪದ್ಧತಿಯನ್ನೂ ನೆನೆಯಬೇಕು. ಕರಾವಳಿಯ ಅಡುಗೆಯ ರುಚಿ ಬೆಳೆದದ್ದು ದೇವಸ್ಥಾನದ ಪಾಕಶಾಲೆಯಲ್ಲಿ, ಮಠದ ಅಡುಗೆಮನೆಯಲ್ಲಿ. ಅಲ್ಲಿಗೆ ಹೊರಗಿನವರು ಕಾಲಿಡುವಂತಿಲ್ಲ, ಇಣುಕುವಂತೆಯೂ ಇಲ್ಲ. ಉಣ್ಣುವವನು ಪಂಕ್ತಿಯಲ್ಲಿ ಕುಳಿತಿರಬೇಕು, ಬಡಿಸಿದ್ದನ್ನು ಉಣ್ಣಬೇಕು. ಒಳಗೆ ಎಲ್ಲವೂ ಶುದ್ಧವಾಗಿದೆ ಎಂಬುದು ನಂಬಿಕೆ. ಮಡಿ ಬೇರೆ, ಶುಚಿ ಬೇರೆ ಎಂಬುದು ಅಡುಗೆಮನೆಯ ಒಳಗೆ ದುಡಿದವರಿಗೆ ಗೊತ್ತು. ಒದ್ದೆ ಪಂಚೆ ಉಟ್ಟು ಯಾರನ್ನೂ ಮುಟ್ಟದೆ ಅಡುಗೆ ಮಾಡಿದವನ ಒಲೆಯ ಪಕ್ಕದಲ್ಲೇ ಬಚ್ಚಲಿನ ನೀರು ನಿಂತಿರಬಹುದು. ಹೋಟೆಲುಗಳು ಆರಂಭವಾದಾಗ ಈ ಮುಚ್ಚಿದ ಬಾಗಿಲು ಹಾಗೆಯೇ ಅಲ್ಲಿಗೂ ಬಂತು. ಎದುರಿಗೆ ಗಲ್ಲಾ, ಗೋಡೆಯಲ್ಲಿ ದೇವರ ಪಟ, ಊದುಬತ್ತಿ. ಹಿಂದೆ ಹೊಗೆ ತುಂಬಿದ ಕತ್ತಲೆ ಕೋಣೆ. ಒಂದೇ ಬಾಲ್ದಿಯ ನೀರಿನಲ್ಲಿ ಅದ್ದಿ ತೆಗೆದ ಲೋಟ ಮತ್ತೆ ಮೇಜಿಗೆ. ವಿಷಮಶೀತಜ್ವರವೂ ಕಾಲರಾವೂ ಊರೂರು ಸುತ್ತುತ್ತಿದ್ದ ಕಾಲದಲ್ಲಿ ಆ ಬಾಲ್ದಿಯ ನೀರಿನ ಅರ್ಥವೇನೆಂದು ನಾವು ವಿಜ್ಞಾನದ ಪಾಠದಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇವೆ. ಹೋಟೆಲು ನಡೆಸುವವರಿಗೆ ಹೇಳಿಕೊಡುವವರು ಆಗ ಇರಲಿಲ್ಲ. ಬೊಂಬಾಯಿಯಲ್ಲಿ ದೇಶದ ಮೊದಲ ಕೇಟರಿಂಗ್ ಕಾಲೇಜು ತೆರೆದದ್ದೇ 1954ರಲ್ಲಿ.

ಮಯ್ಯರ ಪ್ರಯೋಗಬುದ್ಧಿ ಮೊದಲು ಕಂಡದ್ದು ಯುದ್ಧದ ಕಾಲದಲ್ಲಿ. 1942ರಲ್ಲಿ ಜಪಾನಿನ ಸೈನ್ಯ ಬರ್ಮಾವನ್ನು ಹಿಡಿದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಮಲಬಾರಿಗೂ ತಿರುವಾಂಕೂರಿಗೂ ಅದರ ಪೆಟ್ಟು ಎಷ್ಟು ಬಿತ್ತೆಂಬುದು ಈ ಸೀಮೆಯ ಹಳಬರ ನೆನಪಿನಲ್ಲಿ ಬಹುಕಾಲ ಉಳಿದಿತ್ತು. ಬೆಂಗಳೂರಿನಲ್ಲೂ ಅಕ್ಕಿಗೆ ತತ್ವಾರ. ಅಕ್ಕಿಯಿಲ್ಲದೆ ಇಡ್ಲಿ ಎಲ್ಲಿಂದ? ಹೋಟೆಲಿನ ಬಾಗಿಲು ಹಾಕುವ ಬದಲು ಮಯ್ಯರ ಅಡುಗೆಮನೆಯಲ್ಲಿ ರವೆಯನ್ನು ಇಡ್ಲಿ ಮಾಡಿ ನೋಡಿದರು. ರವೆಯನ್ನು ತುಪ್ಪದಲ್ಲಿ ಹುರಿದು, ಸಾಸಿವೆ, ಕರಿಬೇವು, ಗೇರುಬೀಜದ ಒಗ್ಗರಣೆ ಕೊಟ್ಟು, ಮೊಸರಿನಲ್ಲಿ ಕಲಸಿ, ಚಿಟಿಕೆ ಸೋಡಾ ಹಾಕಿ, ಇಡ್ಲಿ ತಟ್ಟೆಯಲ್ಲಿ ಹಬೆಗೆ ಇಡುವುದು. ರಾತ್ರಿ ಅರೆದು ಹುದುಗು ಬರಿಸುವ ಕೆಲಸವೇ ಇಲ್ಲ. ಹೀಗೆ ಹುಟ್ಟಿದ ರವೆ ಇಡ್ಲಿ ಇಂದು ನಮ್ಮ ಮನೆಗಳಲ್ಲಿ ಅಕ್ಕಿ ನೆನೆಹಾಕಲು ಮರೆತ ದಿನದ ಆಪದ್ಬಾಂಧವ. ಅದು ಹಿಂದಿನಿಂದಲೂ ಇದ್ದ ತಿಂಡಿಯೆಂದೇ ಹೆಚ್ಚಿನವರು ತಿಳಿದಿದ್ದಾರೆ. ಒಂದು ತಿಂಡಿಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಬೇರೆ ಸಿಗುವುದುಂಟೆ?

ಇನ್ನು ಮುಖ್ಯ ಸಂಗತಿಗೆ ಬರೋಣ. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪಿಗೆ ಹೋದರು. ಅವರ ಕಾರಣ ಒಂದೇ: ಅಲ್ಲಿಯ ಹೋಟೆಲುಗಳು ಹೇಗೆ ನಡೆಯುತ್ತವೆ ಎಂದು ನೋಡುವುದು. ಅಡುಗೆಯವರಾಗಿ ಬದುಕು ಆರಂಭಿಸಿದ ಮನೆತನದವರೊಬ್ಬರು, ತುಂಬಿದ ವ್ಯಾಪಾರವಿದ್ದಾಗ, ತಮ್ಮದೇ ಕಸುಬನ್ನು ಇನ್ನೊಮ್ಮೆ ಕಲಿಯಲು ಹೊರಟರು. ಕಡಲು ದಾಟಿದವನಿಗೆ ಪ್ರಾಯಶ್ಚಿತ್ತ ಹೇಳುತ್ತಿದ್ದ ಸಮಾಜದಿಂದ ಬಂದವರು, ಮಾಂಸಾಹಾರದ ನಾಡಿನಲ್ಲಿ ಸಸ್ಯಾಹಾರಿಯಾಗಿ ಅಲೆದರು. ಯುದ್ಧ ಮುಗಿದು ಆರೇ ವರ್ಷ. ಇಂಗ್ಲೆಂಡಿನಲ್ಲಿ ಮಾಂಸಕ್ಕೂ ಸಕ್ಕರೆಗೂ ಇನ್ನೂ ರೇಶನ್ ಚೀಟಿ ಇತ್ತು, ಅದು ಪೂರ್ತಿ ಹೋದದ್ದು 1954ರಲ್ಲಿ. ಅಂಥ ದಿನಗಳಲ್ಲೂ ಅಲ್ಲಿಯ ಹೋಟೆಲುಗಳ ಶುಚಿತ್ವ ಮಯ್ಯರ ಮನಸ್ಸನ್ನು ಹಿಡಿಯಿತು.

ಆ ಶಿಸ್ತು ಯುರೋಪಿನ ಅಡುಗೆಮನೆಗಳಿಗೆ ಹುಟ್ಟಿನಿಂದ ಬಂದದ್ದೆಂದು ತಿಳಿಯಬಾರದು. ಅಲ್ಲೂ ಅದನ್ನು ಯಾರೋ ಹಟ ಹಿಡಿದು ತಂದರು. ಅವರಲ್ಲಿ ಮುಖ್ಯನಾದವನು ಫ್ರಾನ್ಸಿನ ಕಡಲ ತಡಿಯವನು, ಆಗಸ್ಟ್ ಎಸ್ಕೋಫಿಯೆ. ಮಯ್ಯರು ನೋಡಿ ಬಂದ ಜಗತ್ತು ಅರ್ಥವಾಗಬೇಕಾದರೆ ಅವನ ವಿಷಯವೂ ಒಂದಿಷ್ಟು ತಿಳಿದಿರಬೇಕು.

ಎಸ್ಕೋಫಿಯೆ 1846ರಲ್ಲಿ ವಿಲ್‌ನವ್ ಲೂಬೆ ಎಂಬ ಹಳ್ಳಿಯಲ್ಲಿ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದ. ಶಿಲ್ಪಿಯಾಗಬೇಕೆಂಬ ಆಸೆ. ಮನೆಯವರು ಹದಿಮೂರನೆಯ ವರ್ಷಕ್ಕೆ ಅವನನ್ನು ಸಮೀಪದ ನೀಸ್ ಪಟ್ಟಣದಲ್ಲಿ ಚಿಕ್ಕಪ್ಪನ ಹೋಟೆಲಿಗೆ ಹಾಕಿದರು. ನೀಸ್ ಕಡಲ ಕಿನಾರೆಯ ಊರು. ಚಳಿಗಾಲದಲ್ಲಿ ಇಂಗ್ಲಿಷರೂ ರಷ್ಯದ ಸಿರಿವಂತರೂ ಬಿಸಿಲು ಕಾಯಿಸಲು ಬಂದು ತಿಂಗಳುಗಟ್ಟಲೆ ಉಳಿಯುವಲ್ಲಿ. ಅವರ ಊಟಕ್ಕಾಗಿ ಎದ್ದುನಿಂತ ಹೋಟೆಲುಗಳೇ ಆ ಊರಿನ ಐಶ್ವರ್ಯ. ಇಲ್ಲಿ ಒಂದು ಸ್ವಾರಸ್ಯವನ್ನು ನಮ್ಮ ಓದುಗರಿಗೆ ಹೇಳದೆ ಇರಲಾರೆವು. ಹುಡುಗ 1859ರಲ್ಲಿ ನೀಸ್‌ಗೆ ಬಂದಾಗ ಅದು ಫ್ರಾನ್ಸಿಗೆ ಸೇರಿರಲೇ ಇಲ್ಲ, ಸಾರ್ಡಿನಿಯದ ರಾಜನದಾಗಿತ್ತು. ಮರುವರ್ಷ ಒಂದು ಒಪ್ಪಂದವಾಗಿ, ಒಂದು ಮತದಾನವೂ ನಡೆದು, ಊರಿಗೆ ಊರೇ ಫ್ರಾನ್ಸಿಗೆ ಸೇರಿತು. ಮಲಗಿದ್ದವರು ಬೆಳಗಾಗುವಾಗ ಬೇರೆ ರಾಜ್ಯದಲ್ಲಿ ಎದ್ದರು. 1956ರ ನವೆಂಬರ್ ಒಂದರ ಬೆಳಗ್ಗೆಯನ್ನು ಕಂಡ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕೆ? ನಮಗೆ ಮತದಾನವೂ ಇರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಇರಲಿ. ಆ ಕಾಲದ ಫ್ರೆಂಚ್ ಅಡುಗೆಮನೆ ನರಕವಾಗಿತ್ತು. ಸೆಕೆ, ಹೊಗೆ, ಬೈಗುಳ, ಏಟು. ಸೆಕೆಗೆ ಬಾಯಾರಿದ ಅಡುಗೆಯವರು ಕುಡಿತಕ್ಕೆ ಬಿದ್ದು ಹಾಳಾಗುತ್ತಿದ್ದರು. ಹೊರಗೆ ರಾಜಕುಮಾರರು ಉಣ್ಣುತ್ತಿದ್ದರೂ ಒಳಗೆ ಬೇಯಿಸುವವನನ್ನು ಮನುಷ್ಯನೆಂದು ಎಣಿಸುವವರಿರಲಿಲ್ಲ. ಎಸ್ಕೋಫಿಯೆ ಪ್ಯಾರಿಸಿನಲ್ಲಿ ದುಡಿದು, 1870ರ ಯುದ್ಧದಲ್ಲಿ ಸೈನ್ಯದ ಅಡುಗೆಯವನಾಗಿ ಕುದುರೆ ಮಾಂಸವನ್ನೂ ಬೇಯಿಸಿ, ಸೆರೆಯಾಗಿ ಬಿಡುಗಡೆಗೊಂಡು, ಮತ್ತೆ ಕಡಲ ತಡಿಗೆ ಬಂದ. ಕಾನ್ ಎಂಬ ಊರಿನಲ್ಲಿ ಸ್ವಂತ ಹೋಟೆಲು ಇಟ್ಟ. ಮುಂದೆ ಮೊಂಟೆ ಕಾರ್ಲೊದಲ್ಲಿ ಸೀಸರ್ ರಿಟ್ಸ್ ಎಂಬ ಹೋಟೆಲಿಗನ ಜೊತೆ ಸೇರಿದ. ಇಬ್ಬರೂ 1890ರಲ್ಲಿ ಲಂಡನ್ನಿನ ಸವಾಯ್ ಹೋಟೆಲಿಗೆ ಹೋದರು. ಅವನು ನಡೆಸಿದ ಅಡುಗೆಮನೆಯಲ್ಲಿ ಬೈಗುಳವಿಲ್ಲ, ಮದ್ಯವಿಲ್ಲ. ಬಾಯಾರಿದವರಿಗೆ ಬಾರ್ಲಿ ನೀರು. ಬಟ್ಟೆ ಶುಭ್ರವಾಗಿರಬೇಕು. ಸಾರು ಗೊಜ್ಜಿನವನು ಬೇರೆ, ಹುರಿಯುವವನು ಬೇರೆ, ಸಿಹಿ ಮಾಡುವವನು ಬೇರೆ ಎಂದು ಕೆಲಸ ಹಂಚಿ, ಒಬ್ಬೊಬ್ಬನಿಗೂ ಒಂದೊಂದು ಹೊಣೆ ಕೊಟ್ಟ. ಎಲ್ಲವನ್ನೂ ಒಮ್ಮೆಗೇ ಮೇಜಿನ ಮೇಲೆ ಹರಡಿ ತಣ್ಣಗಾಗಿಸುವ ಹಳೆಯ ರೂಢಿ ಹೋಗಿ ಒಂದಾದ ಮೇಲೊಂದು ಬಿಸಿಬಿಸಿಯಾಗಿ ಬಡಿಸುವ ಕ್ರಮ ಅವನಿಂದ ಗಟ್ಟಿಯಾಯಿತು. ನಮ್ಮ ಬಾಳೆಲೆಯ ಪಂಕ್ತಿಯಲ್ಲಿ ಸಾರು, ಹುಳಿ, ಪಾಯಸ, ಮಜ್ಜಿಗೆ ಎಂದು ಸರದಿಯಲ್ಲೇ ಬರುತ್ತಿತ್ತಲ್ಲ ಎಂದು ಯಾರಾದರೂ ಕೇಳಿದರೆ ನಾವು ಇಲ್ಲವೆನ್ನಲಾರೆವು.

ಅವನೂ ನಿಷ್ಕಳಂಕನಲ್ಲ. ಸರಬರಾಜುದಾರರಿಂದ ಹಣ ಪಡೆದನೆಂಬ ಆರೋಪದ ಮೇಲೆ ಅವನನ್ನೂ ರಿಟ್ಸನನ್ನೂ ಸವಾಯ್‌ನಿಂದ 1898ರಲ್ಲಿ ಹೊರಹಾಕಿದರು. ಅದೇ ಮನುಷ್ಯ ಆ ಹೋಟೆಲಿನ ಉಳಿದ ಅಡುಗೆ ಚೆಲ್ಲಿಹೋಗದೆ ವೃದ್ಧರನ್ನು ಸಾಕುತ್ತಿದ್ದ ಸನ್ಯಾಸಿನಿಯರಿಗೆ ತಲುಪುವಂತೆಯೂ ಮಾಡಿದ್ದ. 1903ರಲ್ಲಿ ಅವನು ಪ್ರಕಟಿಸಿದ ಪಾಕಗ್ರಂಥ ಐದು ಸಾವಿರ ಪಾಕವಿಧಾನಗಳದ್ದು. ಯುರೋಪಿನ ದೊಡ್ಡ ಹೋಟೆಲುಗಳಿಗೆಲ್ಲ ಅದು ಪಠ್ಯವಾಯಿತು. ಫ್ರೆಂಚ್ ಸರಕಾರ ಅವನಿಗೆ ದೇಶದ ಹಿರಿಯ ಗೌರವ ಕೊಟ್ಟಿತು. 1935ರಲ್ಲಿ ಮೊಂಟೆ ಕಾರ್ಲೊದಲ್ಲಿ ತೀರಿಕೊಂಡ. ಅಡುಗೆಯವನೆಂದರೆ ಆಳು ಎಂಬ ಭಾವನೆ ಹೋಗಿ ಅವನೊಬ್ಬ ಕಸುಬುದಾರ ಎಂಬ ಭಾವನೆ ಬಂದದ್ದರಲ್ಲಿ ಈ ಕಮ್ಮಾರನ ಮಗನ ಪಾಲು ದೊಡ್ಡದು. ಮಯ್ಯರು ಯುರೋಪಿಗೆ ಹೋದಾಗ ಅವನು ಸತ್ತು ಹದಿನಾರು ವರ್ಷವಾಗಿತ್ತು, ಅವನ ಪದ್ಧತಿ ಮಾತ್ರ ಅಡುಗೆಮನೆಗಳಲ್ಲಿ ನಡೆಯುತ್ತಲೇ ಇತ್ತು.

ಮಯ್ಯರು ಹಿಂದಿರುಗಿ ಬಂದು ಏನು ಮಾಡಿದರು? ಬೇರೆಯವರಾಗಿದ್ದರೆ ಟೈ ಕಟ್ಟಿದ ಮಾಣಿಗಳನ್ನು ನಿಲ್ಲಿಸಿ, ಕಟ್ಲೆಟ್ಟು ಪುಡಿಂಗುಗಳ ಪಟ್ಟಿ ಹಾಕಿ, ದರ ಏರಿಸುತ್ತಿದ್ದರು. ವಿದೇಶ ಸುತ್ತಿ ಬಂದವರು ಸಾಮಾನ್ಯವಾಗಿ ತರುವುದು ಅದನ್ನೇ. ಮಯ್ಯರ ದೋಸೆ ದೋಸೆಯಾಗಿಯೇ ಉಳಿಯಿತು, ಅದರ ಪಕ್ಕದ ತುಪ್ಪದ ಬಟ್ಟಲೂ ಉಳಿಯಿತು. ಬದಲಾದದ್ದು ತೊಳೆಯುವ ಜಾಗ. ಲೋಟ, ಬಸಿ, ಚಮಚಗಳನ್ನು ಕ್ರಿಮಿಗಳು ಸಾಯುವಂತೆ ಹಬೆಯಲ್ಲಿ ಶುದ್ಧಿಗೊಳಿಸುವ ವ್ಯವಸ್ಥೆ ಬಂತು. ಇಡ್ಲಿ ಬೇಯಿಸುವ ಹಬೆಯೇ ಪಾತ್ರೆಯನ್ನೂ ಶುಚಿ ಮಾಡಬಲ್ಲದು ಎಂಬುದು ನಮ್ಮ ಹೋಟೆಲುಗಳಿಗೆ ಹೊಳೆಯದೆ ಇದ್ದದ್ದು ವಿಚಿತ್ರವೇ ಸರಿ.

ಎರಡನೆಯದು ಇನ್ನೂ ದೊಡ್ಡದು. ಅಡುಗೆಮನೆಯನ್ನು ಗಿರಾಕಿ ನೋಡಬಹುದು ಎಂದು ಮಾಡಿದರು. ಊಟಕ್ಕೆ ಕುಳಿತುಕೊಳ್ಳುವ ಮೊದಲು ಒಳಗೆ ಹೋಗಿ, ಒಲೆ ಹೇಗಿದೆ, ನೆಲ ಹೇಗಿದೆ, ಬೇಯಿಸುವವನ ಕೈ ಹೇಗಿದೆ ಎಂದು ಕಣ್ಣಾರೆ ಕಂಡು ಬರಬಹುದು. ಶತಮಾನಗಳಿಂದ ಮುಚ್ಚಿದ್ದ ಬಾಗಿಲಿದು. ಮಡಿಯ ಹೆಸರಿನಲ್ಲಿ ಮುಚ್ಚಿದ್ದನ್ನು ಶುಚಿಯ ಹೆಸರಿನಲ್ಲಿ ತೆರೆದರು. ಬೇಯಿಸಿದವನು ಯಾವ ಜಾತಿಯವನು ಎಂಬ ನಂಬಿಕೆಯ ಮೇಲೆ ನಿಂತಿದ್ದ ಅಂಗಡಿ, ಹೇಗೆ ಬೇಯಿಸುತ್ತಾರೆ ನೋಡಿಕೊಳ್ಳಿ ಎಂಬ ಮಾತಿನ ಮೇಲೆ ನಿಂತಿತು. ಮಯ್ಯರು ಜಾತಿಯ ಬಗ್ಗೆ ಭಾಷಣ ಮಾಡಿದವರೆಂದು ನಾವು ಹೇಳುತ್ತಿಲ್ಲ. ಆದರೆ ಹೆಸರೂ ಬದಲಾಯಿತು. ಬ್ರಾಹ್ಮಣ ಕಾಫಿ ಕ್ಲಬ್ ಹೋಗಿ ಮಾವಳ್ಳಿ ಟಿಫಿನ್ ರೂಂಸ್ ಆಯಿತು. ಮಾವಳ್ಳಿ ಎಂಬುದು ಲಾಲ್‌ಬಾಗಿನ ಮಗ್ಗುಲ ಬಡಾವಣೆಯ ಹೆಸರು, ಹಳೆಯ ಹಳ್ಳಿಯ ಹೆಸರು. ಜಾತಿಯ ಹೆಸರಿದ್ದಲ್ಲಿ ಊರಿನ ಹೆಸರು ಬಂತು. 1960ರಲ್ಲಿ ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಹೋಟೆಲು ಸ್ಥಳಾಂತರವಾಯಿತು.

ಕೆಲಸಗಾರನ ಕಡೆಯಿಂದ ಈ ತೆರೆದ ಬಾಗಿಲನ್ನು ನೋಡಿದರೆ ಇನ್ನೊಂದು ಅರ್ಥ ಹೊಳೆಯುತ್ತದೆ. ಕತ್ತಲೆ ಕೋಣೆಯಲ್ಲಿ ಯಾರ ಕಣ್ಣಿಗೂ ಬೀಳದೆ ಬೆವರುವ ಹುಡುಗ, ಊರಿಗೆ ಬಂದಾಗ ತನ್ನ ಕೆಲಸದ ಹೆಸರು ಹೇಳಲು ನಾಚುತ್ತಾನೆ. ದಿನಾ ನೂರು ಜನ ನೋಡುವಲ್ಲಿ, ಬೆಳಕಿನಲ್ಲಿ, ಶುಭ್ರವಾದ ಬಟ್ಟೆಯಲ್ಲಿ ನಿಂತು ದೋಸೆ ಹುಯ್ಯುವವನಿಗೆ ನಾಚಿಕೆ ಎಲ್ಲಿಯದು? ಮಾಣಿಯಾಗಿ ಸೇರಿದ ನಮ್ಮ ಕಡೆಯ ಎಷ್ಟೋ ಹುಡುಗರು ಬೊಂಬಾಯಿಯಲ್ಲಿ ಹಗಲೆಲ್ಲ ದುಡಿದು ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರು. ಅವರ ಮನಿಯಾರ್ಡರಿನಿಂದ ಇಲ್ಲಿ ತಂಗಿಯರ ಮದುವೆಗಳಾಗಿವೆ, ತಮ್ಮಂದಿರು ಟ್ರೈನಿಂಗ್ ಮುಗಿಸಿ ಮಾಸ್ತರರಾಗಿದ್ದಾರೆ. ಪರವೂರಿನ ಹೋಟೆಲಿನಿಂದ ಬಂದ ಹಣದಲ್ಲಿ ಕಟ್ಟಿದ ಮನೆಯ ಚಾವಡಿಯಲ್ಲಿ ಕುಳಿತು ಹೋಟೆಲಿನ ಕೆಲಸವನ್ನು ಹಗುರವಾಗಿ ಮಾತಾಡುವುದು ಕೇಳುವಾಗ ನಮಗೆ ಕಿರಿಕಿರಿಯಾಗುತ್ತದೆ. ನಮ್ಮ ಪೇಟೆಗಳಲ್ಲಿ ಕನ್ನಡ ಮಾತು ಕಿವಿಗೆ ಬೀಳುವ, ಬೆಂಚಿನ ಮೇಲೆ ಕನ್ನಡ ಪತ್ರಿಕೆ ಸಿಗುವ ಜಾಗವಾಗಿ ಉಳಿದದ್ದೂ ಇದೇ ಹೋಟೆಲುಗಳು. ಒಂದು ಪತ್ರಿಕೆಯನ್ನು ಇಪ್ಪತ್ತು ಜನ ಓದುತ್ತಾರೆ ಎಂಬುದು ಪತ್ರಿಕೆಯವರಿಗೆ ನಷ್ಟವಿರಬಹುದು, ಭಾಷೆಗೆ ಲಾಭವೇ.

ಮಯ್ಯರ ಹೋಟೆಲಿಗೆ ದೊಡ್ಡವರೂ ಬಂದು ಸಾಲಿನಲ್ಲಿ ಕಾಯುತ್ತಿದ್ದರು. ಕಾಯುವ ತಾಳ್ಮೆಯಿಲ್ಲದ ಗಣ್ಯರು ಹಿಂಬಾಗಿಲಿನಿಂದ ಬರುತ್ತಿದ್ದರಂತೆ. ಬೆಳ್ಳಿಯ ಲೋಟದಲ್ಲಿ ಕಾಫಿ ಕೊಡುವುದು ಅಲ್ಲಿಯ ಹೆಸರಾಯಿತು. ಬೆಳ್ಳಿಯಾದರೂ ಅದನ್ನು ತೊಳೆಯುವ ಕ್ರಮ ಮುಖ್ಯ ಎಂಬುದು ಮಯ್ಯರಿಗೆ ತಿಳಿದಿತ್ತು. ಊಟ, ವ್ಯಾಯಾಮ, ಶಿಸ್ತಿನ ಬದುಕು, ಅಡುಗೆಯ ಕ್ರಮ ಇವುಗಳ ಮೇಲೆ ಸಣ್ಣ ಸಣ್ಣ ಪುಸ್ತಿಕೆಗಳನ್ನೂ ಅವರು ಅಚ್ಚು ಹಾಕಿಸುತ್ತಿದ್ದರು. ಉಣ್ಣಲು ಬಂದವನಿಗೆ ಉಣ್ಣುವುದು ಹೇಗೆಂದು ಹೇಳಿಕೊಡುವ ಹೋಟೆಲಿಗ! ಅವರಲ್ಲೊಬ್ಬ ಮಾಸ್ತರರು ಅಡಗಿದ್ದರೆಂದು ನಮಗೆ ಅನಿಸುತ್ತದೆ.

ಯುರೋಪಿನ ಅಡುಗೆಯಿಂದ ಮಯ್ಯರು ಒಂದೂ ತಿಂಡಿಯನ್ನು ತರಲಿಲ್ಲವೆ ಎಂದು ಕೇಳಬಹುದು. ಒಂದಿದೆ, ಅದರ ಕಥೆ ಸೊಗಸಾಗಿದೆ. ಮೈದಾಹಿಟ್ಟನ್ನು ಪದರ ಪದರವಾಗಿ ಮಡಿಸಿ ಕರಿದು, ಮೇಲೆ ಖೋವಾದ ಗಟ್ಟಿ ಪಾಕ ಸುರಿದು ಕೊಡುವ ಒಂದು ಸಿಹಿಯನ್ನು ಮಯ್ಯರು ಆರಂಭಿಸಿದರು. ಮನೆತನದವರು ಹೇಳುವಂತೆ ಅದಕ್ಕೆ ಮೊದಲು ಇಟ್ಟ ಹೆಸರು ಫ್ರೆಂಚ್ ಸ್ವೀಟ್. ಯಾರೂ ಕೊಳ್ಳಲಿಲ್ಲ. ಬಸವನಗುಡಿಯ ಸಂಸಾರಸ್ಥರಿಗೆ ಫ್ರಾನ್ಸಿನ ಮೇಲೆ ನಂಬಿಕೆ ಬರಲಿಲ್ಲವೋ ಏನೋ. ಆಗ ಚಂದ್ರಹಾರ ಎಂಬ ಚಲನಚಿತ್ರ ಜನಪ್ರಿಯವಾಗಿತ್ತು. ಮಯ್ಯರು ಅದೇ ಸಿಹಿಗೆ ಚಂದ್ರಹಾರ ಎಂದು ಹೆಸರಿಟ್ಟರು. ಹಿಟ್ಟು ಅದೇ, ಖೋವಾ ಅದೇ, ವ್ಯಾಪಾರ ಮಾತ್ರ ಬೇರೆ. ಭಾನುವಾರದ ವಿಶೇಷವಾಗಿ ಅದು ನಿಂತುಬಿಟ್ಟಿತು. ಎಸ್ಕೋಫಿಯೆ ಕೂಡ ಹೀಗೆಯೇ ಮಾಡಿದ್ದ. ಸವಾಯ್‌ನಲ್ಲಿ ಇಳಿದಿದ್ದ ನೆಲ್ಲಿ ಮೆಲ್ಬಾ ಎಂಬ ಆಸ್ಟ್ರೇಲಿಯದ ಗಾಯಕಿಗಾಗಿ ಪೀಚ್ ಹಣ್ಣನ್ನು ಐಸ್‌ಕ್ರೀಮಿನ ಮೇಲಿಟ್ಟು ಕೊಟ್ಟ, ಮುಂದೆ ಅದು ಅವಳ ಹೆಸರಿನಿಂದಲೇ ಲೋಕಪ್ರಸಿದ್ಧವಾಯಿತು. ಹೆಸರು ಹತ್ತಿರದ್ದಾದರೆ ತಿಂಡಿಯೂ ಹತ್ತಿರವಾಗುತ್ತದೆ. ಪರರಾಜ್ಯದಲ್ಲಿ ನಮ್ಮ ಅಂಗಡಿಗಳಿಗೆ ಯಾವ ಲಿಪಿಯಲ್ಲಿ ಬೋರ್ಡು ಬರೆಸಬೇಕೆಂದು ತಲೆ ಕೆಡಿಸಿಕೊಳ್ಳುವ ನಮಗೆ ಇದು ಗೊತ್ತಿರುವ ಸಂಗತಿಯೇ.

ಯಜ್ಞನಾರಾಯಣ ಮಯ್ಯರು 1968ರಲ್ಲಿ ತೀರಿಕೊಂಡರು. ಹೋಟೆಲಿನ ಹೊಣೆ ಸೋದರನ ಮಗ ಹರಿಶ್ಚಂದ್ರ ಮಯ್ಯರಿಗೆ ಬಂತು. ಹಿರಿಯರು ಹಾಕಿದ ಶಿಸ್ತಿಗೆ ಪರೀಕ್ಷೆ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. 1975ರಲ್ಲಿ ತುರ್ತುಪರಿಸ್ಥಿತಿ ಬಂತು, ಹೋಟೆಲು ತಿಂಡಿಗಳನ್ನು ಸರಕಾರ ನಿಗದಿ ಮಾಡಿದ ಅಗ್ಗದ ದರಕ್ಕೇ ಮಾರಬೇಕೆಂಬ ಆಜ್ಞೆಯೂ ಬಂತು. ದಾರಿಗಳು ಎರಡೇ. ತುಪ್ಪದ ಬದಲು ಡಾಲ್ಡಾ ಹಾಕಿ, ಕಾಫಿಗೆ ಚಿಕೋರಿ ಹೆಚ್ಚಿಸಿ, ಲೋಟಕ್ಕೆ ನೀರು ಬೆರೆಸಿ ವ್ಯಾಪಾರ ನಡೆಸುವುದು. ಇಲ್ಲವೆ ಮುಚ್ಚುವುದು. ಅವರು ಹೋಟೆಲನ್ನು ಮುಚ್ಚಿದರು. ಆದರೆ ಅಡುಗೆಯವರನ್ನೂ ಮಾಣಿಗಳನ್ನೂ ಬೀದಿಗೆ ಬಿಡಲಿಲ್ಲ. ರವೆ ಇಡ್ಲಿಯ ಹಿಟ್ಟು, ಸಾರಿನ ಪುಡಿ, ಹುಳಿಯ ಪುಡಿಗಳನ್ನು ಹದಮಾಡಿ ಪೊಟ್ಟಣ ಕಟ್ಟಿ ಮಾರುವ ಕೆಲಸಕ್ಕೆ ಅದೇ ಕೈಗಳನ್ನು ಹಚ್ಚಿದರು. ಯಜ್ಞಪ್ಪನವರ ಮಗ ಸದಾನಂದ ಮಯ್ಯರು ಆ ಪೊಟ್ಟಣದ ವ್ಯಾಪಾರವನ್ನು ದೊಡ್ಡ ಉದ್ಯಮವಾಗಿ ಬೆಳೆಸಿದರು. 2007ರಲ್ಲಿ ಅದನ್ನು ನಾರ್ವೆ ದೇಶದ ಕಂಪೆನಿಯೊಂದು ಕೊಂಡುಕೊಂಡಿತು. ಹೋಟೆಲು ಮಾತ್ರ ಮನೆತನದಲ್ಲೇ ಉಳಿದು, ಹರಿಶ್ಚಂದ್ರ ಮಯ್ಯರ ಮಕ್ಕಳ ಕಾಲಕ್ಕೆ, 2013ರಲ್ಲಿ, ಸಿಂಗಾಪುರದಲ್ಲೂ ಬಾಗಿಲು ತೆರೆಯಿತು.

ಯುದ್ಧಕಾಲದಲ್ಲಿ ಅಕ್ಕಿ ಸಿಗದೆ ಮಾಡಿದ ಆ ರವೆ ಇಡ್ಲಿಯ ಪೊಟ್ಟಣ ಈಗ ಕಾಸರಗೋಡಿನ ಅಂಗಡಿಗಳಲ್ಲೂ ಸಿಗುತ್ತದೆ. ಮಲಯಾಳಿ ಮನೆಗಳವರೂ ಕೇಳಿ ಕೊಂಡುಹೋಗುತ್ತಾರೆ. ಮೊಸರು ಸ್ವಲ್ಪ ಹುಳಿಯಿದ್ದರೆ ಚೆನ್ನ.